ಸದ್ದಿಲ್ಲದ ಪೆಟ್ಟಿಗೆ

"ಕಿವಿಯವರೇ, ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು," ಎಂದಳು ಅವಳು, ಗಾಜಿನ ಆಚೆಯಿಂದ.

ಆರು ವರ್ಷಗಳಿಂದ ಅವರಿಬ್ಬರ ನಡುವೆ ಅದೊಂದು ಗಾಜು. ಆಚೆಯ ಕೋಣೆಯಲ್ಲಿ ಮೈಕಿನ ಮುಂದೆ ಅವಳು, ಈಚೆ ಹೆಡ್‌ಫೋನ್ ತೊಟ್ಟು ಕೂತ ಅವನು. ಅವಳು ಡಬ್ಬಿಂಗ್ ಕಲಾವಿದೆ, ಅವನು ಆ ಸ್ಟುಡಿಯೊದ ರೆಕಾರ್ಡಿಸ್ಟ್. ಮಕ್ಕಳ ಕಾರ್ಟೂನೊಂದರಲ್ಲಿ ಮುನ್ನೂರು ಕಂತು ಅಳಿಲಿಗೆ ದನಿ ಕೊಟ್ಟಿದ್ದರಿಂದ ಎಲ್ಲರೂ ಅವಳನ್ನು ಅಳಿಲು ಎಂದೇ ಕರೆಯುತ್ತಿದ್ದರು. ಮೇಲಿನ ಮಹಡಿಯಲ್ಲಿ ಲಿಫ್ಟ್ ನಿಂತರೂ ಕೇಳಿಸಿಕೊಂಡು ರೆಕಾರ್ಡಿಂಗ್ ನಿಲ್ಲಿಸುತ್ತಿದ್ದ ಅವನಿಗೆ ಕಿವಿ ಎಂಬ ಹೆಸರು ಬಿದ್ದಿತ್ತು. ಅವನೊಬ್ಬ ಮಾತ್ರ ಅವಳನ್ನು ಮೇಡಂ ಎನ್ನುತ್ತಿದ್ದ. ಅಳಿಲು ಎಂದರೆ ಎಲ್ಲಿ ಸಲಿಗೆ ಹೆಚ್ಚಾದೀತೋ ಎಂಬ ಅಂಜಿಕೆ.

ಅವಳ ಕೆಲಸ ನೋಡುವುದೇ ಅವನಿಗೆ ಹಬ್ಬ. ಮುದುಕಿಯ ಮಾತು ಹೇಳುವಾಗ ಅವಳ ಬೆನ್ನು ತಾನಾಗಿ ಬಾಗುತ್ತಿತ್ತು. ತುಂಟ ಹುಡುಗನ ಪಾತ್ರವಾದರೆ ಒಂದು ಕಾಲಿನ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದಳು. ಮುಗಿದೊಡನೆ ಗಾಜಿನ ಈಚೆಗೆ ನೋಡಿ, ಹೇಗಿತ್ತು ಎಂಬಂತೆ ಬಲಗಡೆಯ ಹುಬ್ಬೊಂದನ್ನೇ ಏರಿಸುತ್ತಿದ್ದಳು. ಅವನ ಎದೆಯಲ್ಲಿ ಮಾತುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಹೊರಗೆ ಬರುತ್ತಿದ್ದದ್ದು ಮಾತ್ರ ಒಂದು ಹೆಬ್ಬೆರಳು.

"ಹೇಳಿ ಮೇಡಂ."

"ಮನೇಲೇ ಒಂದು ಸ್ಟುಡಿಯೊ ಮಾಡ್ಕೋಬೇಕು. ಮೈಕ್ ಇದೆ. ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆ, ಆಡಿಯೊ ಇಂಟರ್‌ಫೇಸ್ ಬೇಕಂತಲ್ಲ, ಅದನ್ನ ಆರಿಸೋಕೆ ನಂಗೆ ತಲೆಬುಡ ಗೊತ್ತಿಲ್ಲ. ನೀವು ಬರ್ತೀರಾ ಅಂಗಡಿಗೆ?"

ಅವಳ ಅಪ್ಪ ನಿವೃತ್ತ ರೈಲು ಚಾಲಕ. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಒಬ್ಬರನ್ನೇ ಬಿಟ್ಟು ದಿನವಿಡೀ ಹೊರಗಿರುವಂತಿರಲಿಲ್ಲ. ಆಡಿಯೊ ಪುಸ್ತಕ ಮಾಡುವ ಕಂಪನಿಯೊಂದು ದೊಡ್ಡ ಕಾದಂಬರಿಯೊಂದನ್ನು ಮನೆಯಿಂದಲೇ ಓದಲು ಅವಳನ್ನು ಕೇಳಿತ್ತು. ಮಾದರಿಯಾಗಿ ಒಂದು ಅಧ್ಯಾಯ ಕಳಿಸಬೇಕು, ಅದರಲ್ಲಿ ಸಣ್ಣ ಗುಂಯ್‌ಗುಡುವಿಕೆಯೂ ಇರಬಾರದು. ಅದು ಪಾಸಾದರೆ ವರ್ಷಗಟ್ಟಲೆ ಕೆಲಸ.

ಅಂದರೆ ಇನ್ನು ಅವಳು ಇಲ್ಲಿಗೆ ಬರುವುದಿಲ್ಲ.

"ಬರ್ತೀನಿ," ಎಂದ. "ಶನಿವಾರ ಆಗಬಹುದಾ?"

ಅಂಗಡಿಯ ಮಾಲೀಕ ಅವರನ್ನು ಕಂಡದ್ದೇ ಸೂಟ್‌ಕೇಸಿನಷ್ಟು ಉದ್ದದ ಯಂತ್ರವೊಂದನ್ನು ಕೌಂಟರ್ ಮೇಲೆ ಇಳಿಸಿದ. ಅದಕ್ಕೆ ಎಂಟು ಮೈಕ್ ಸಿಕ್ಕಿಸಬಹುದಿತ್ತು, ಅದರ ಮೈತುಂಬ ಮಿಣಿಮಿಣಿ ದೀಪಗಳು.

"ಎಷ್ಟು ಜನ ಹಾಡ್ತೀರಿ ಮೇಡಂ?"

"ಒಬ್ಬಳೇ. ಹಾಡಲ್ಲ, ಓದ್ತೀನಿ."

"ಮುಂದೆ ಬೇಕಾಗತ್ತೆ ನೋಡಿ. ಡ್ರಮ್ಸ್ ಗಿಮ್ಸ್ ಅಂತ…"

"ನಮ್ಮಪ್ಪನ ಗೊರಕೆ ಇದೆ, ಅಷ್ಟು ಸಾಕು ನಮ್ಮನೆಗೆ."

ಪಕ್ಕದಲ್ಲಿ ನಿಂತಿದ್ದ ಅವನು ನಕ್ಕುಬಿಟ್ಟ. ಅವಳು ತಿರುಗಿ ನೋಡಿದಳು. "ಓ, ನಿಮಗೆ ನಗೋಕೂ ಬರತ್ತಾ?" ಎಂದಳು. ಗಾಜಿಲ್ಲದೆ ಇಷ್ಟು ಹತ್ತಿರದಲ್ಲಿ ಅವಳ ಮುಖ ಕಂಡದ್ದು ಅದೇ ಮೊದಲು. ಎಡಗೆನ್ನೆಯ ಮೇಲೆ ಎಳ್ಳಿನಷ್ಟು ಮಚ್ಚೆ ಇದೆಯೆಂದು ಆರು ವರ್ಷದಲ್ಲಿ ಅವನಿಗೆ ತಿಳಿದೇ ಇರಲಿಲ್ಲ.

ಕಡೆಗೆ ಅವಳ ಕೈ ಹಳದಿ ಬಣ್ಣದ ಪುಟ್ಟ ಪೆಟ್ಟಿಗೆಯೊಂದರ ಮೇಲೆ ನಿಂತಿತು. ಅಂಗೈಯಲ್ಲಿ ಹಿಡಿಸುವಂತಿತ್ತು. "ಇದು ಎಷ್ಟು ಮುದ್ದಾಗಿದೆ! ಇದೇ ಸಾಕಲ್ವಾ?"

ಅವನು ಮೈಕ್ ಒಂದನ್ನು ಅದಕ್ಕೆ ಸಿಕ್ಕಿಸಿ, ಹೆಡ್‌ಫೋನ್ ತೊಟ್ಟು, "ಏನಾದ್ರೂ ಓದಿ" ಎಂದ. ಅವಳು ಅಂಗಡಿಯ ಗೋಡೆಯ ಮೇಲಿದ್ದ ಸೂಚನೆಯನ್ನೇ ಮಹಾರಾಣಿಯ ಗತ್ತಿನಲ್ಲಿ ಓದಿದಳು: "ಒಮ್ಮೆ ಮಾರಿದ ವಸ್ತುಗಳನ್ನು ವಾಪಸ್ ಪಡೆಯಲಾಗುವುದಿಲ್ಲ." ಮಾಲೀಕನೂ ನಕ್ಕ. ದನಿ ಚೆನ್ನಾಗಿಯೇ ಬರುತ್ತಿತ್ತು.

"ಈಗ ಪಿಸುಮಾತಲ್ಲಿ ಹೇಳಿ."

ಅವಳು ಮೈಕಿಗೆ ತುಟಿ ಹತ್ತಿರ ತಂದು, ಕಣ್ಣು ಮಾತ್ರ ಅವನ ಮೇಲಿಟ್ಟು, ಪಿಸುಗುಟ್ಟಿದಳು: "ಕಿವಿಯವರೇ… ನಿಮ್ಮ ಶರ್ಟಿನ ಗುಂಡಿ ಮೇಲೆಕೆಳಗಾಗಿದೆ."

ಅವನು ತಲೆ ಬಗ್ಗಿಸಿ ನೋಡಿಕೊಂಡ. ನಿಜ! ಬೆಳಿಗ್ಗೆ ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತದ್ದರ ಫಲ ಇದು. ಕಿವಿಯ ತುದಿಯವರೆಗೂ ಬಿಸಿಯೇರಿತು.

ಆದರೆ ಆ ಪಿಸುಮಾತಿನ ಅಡಿಯಲ್ಲಿ ಇನ್ನೊಂದು ಸದ್ದು ಅವನಿಗೆ ಕೇಳಿಸಿತ್ತು. ದೂರದ ನಲ್ಲಿಯೊಂದು ತೆರೆದೇ ಉಳಿದಂಥ ಸುಯ್. ಸಣ್ಣ ದನಿಯನ್ನು ಎತ್ತಿ ಹಿಡಿಯುವ ತಾಕತ್ತು ಆ ಹಳದಿ ಪೆಟ್ಟಿಗೆಗೆ ಇರಲಿಲ್ಲ. ದನಿಯ ಜೊತೆಗೆ ಅದು ತನ್ನ ಏದುಸಿರನ್ನೂ ಸೇರಿಸುತ್ತಿತ್ತು. ಅಂಗಡಿಯ ಗದ್ದಲದಲ್ಲಿ ಅವಳಿಗೆ ಇದು ತಿಳಿಯುವಂತಿರಲಿಲ್ಲ. ಕಂಪನಿಯವರಿಗೆ ಖಂಡಿತ ತಿಳಿಯುತ್ತದೆ.

'ಸಾಕು' ಎಂದುಬಿಟ್ಟರೆ? ಎರಡೇ ಅಕ್ಷರ. ಇಷ್ಟಪಟ್ಟು ಆರಿಸಿಕೊಂಡವಳೂ ಅವಳೇ. ಮಾದರಿ ವಾಪಸ್ ಬರುತ್ತದೆ, ಮನೆಯಲ್ಲಿ ಇದು ಆಗದ ಕೆಲಸ ಎನ್ನಿಸುತ್ತದೆ, ತಿಂಗಳೊಳಗೆ ಅವಳು ಮತ್ತೆ ಆ ಗಾಜಿನ ಆಚೆ ಬಂದು ನಿಲ್ಲುತ್ತಾಳೆ. ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು.

ಅವಳು ಅಷ್ಟರಲ್ಲಿ ಮೂರನೇ ಸಲ ಫೋನ್ ತೆಗೆದು, ಅಪ್ಪನ ಕರೆ ಬಂದಿದೆಯೇ ಎಂದು ನೋಡಿಕೊಂಡಳು.

"ಬೇಡ ಮೇಡಂ," ಎಂದ ಅವನು. "ಇದು ನಿಮ್ಮ ದನಿಗಲ್ಲ."

ಮೂರನೆಯದು ಕಪ್ಪು ಬಣ್ಣದ್ದು, ನೋಡಲು ಊಟದ ಡಬ್ಬಿಯಂತಿತ್ತು. ಅವನು ದನಿ ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಹೆಡ್‌ಫೋನನ್ನು ಅವಳಿಗೇ ತೊಡಿಸಿ, ಮೈಕನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಏನೂ ಕೇಳ್ತಿಲ್ವಲ್ಲ?"

"ಅದಕ್ಕೇ ಇದು. ನೀವು ಬಾಯಿ ಬಿಡೋವರೆಗೆ ಏನೂ ಕೇಳಬಾರದು. ನೀವು ಉಸಿರು ಎಳ್ಕೊಂಡ್ರೆ ಉಸಿರಷ್ಟೇ ಕೇಳಬೇಕು." ಹೇಳುತ್ತ ಹೇಳುತ್ತ ಅವನಿಗೆ ಹುರುಪೇರಿತು. "ಇದಿದ್ರೆ ಯೋಚನೇನೇ ಬೇಡ ಮೇಡಂ. ಇನ್ಮೇಲೆ ನೀವು ನಮ್ಮ ಸ್ಟುಡಿಯೊ ಕಡೆ ತಲೆ ಹಾಕೋ ಅಗತ್ಯಾನೇ ಇಲ್ಲ!"

ಅವಳು ಹೆಡ್‌ಫೋನ್ ತೆಗೆದಿಟ್ಟಳು. "ಹೌದಾ," ಎಂದಳು. "ಒಳ್ಳೇದಾಯ್ತು ಬಿಡಿ." ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಪ್ಪನ ಚಿಂತೆ ಇರಬೇಕು ಎಂದುಕೊಂಡ ಅವನು. ಲಿಫ್ಟಿನ ಸದ್ದು ಹಿಡಿಯುವ ಕಿವಿಗೆ ಎದುರಿನವಳ ಮನಸ್ಸಿನ ಸದ್ದು ಕೇಳಲಿಲ್ಲ.

ಮರುದಿನ ಅವಳ ಮನೆಗೆ ಹೋಗಿ ಎಲ್ಲ ಜೋಡಿಸಿಕೊಟ್ಟ. ಸಾಮಾನು ತುಂಬಿದ ಸಣ್ಣ ಕೋಣೆ, ಒಂದು ಬದಿಗೆ ಬಟ್ಟೆಯ ಬೀರು. ದನಿ ಪ್ರತಿಧ್ವನಿಸದಂತೆ ಬೀರುವಿನ ಬಾಗಿಲು ತೆರೆದಿಟ್ಟು, ಉಳಿದ ಮೂರು ಕಡೆ ರಜಾಯಿಗಳನ್ನು ನೇತುಹಾಕಿದ. ಅಡುಗೆಮನೆಯ ಫ್ರಿಜ್ ಗುಂಯ್‌ಗುಡುವುದನ್ನು ಕಂಡುಹಿಡಿದು ಅದರ ಕಾಲಿನಡಿ ರಬ್ಬರ್ ತುಂಡು ಇಟ್ಟ. ಹೊರಗೆ ಮಂಚದ ಮೇಲೆ ದಿಂಬಿಗೆ ಒರಗಿದ್ದ ಅಪ್ಪ ಎಲ್ಲವನ್ನೂ ನೋಡುತ್ತಿದ್ದರು.

"ಮೂವತ್ತೈದು ವರ್ಷ ಇಂಜಿನ್ ಪಕ್ಕ ಕೂತವನು ನಾನು," ಎಂದರು ಇಡೀ ಬೀದಿಗೆ ಕೇಳುವಂತೆ. "ಪಿಸುಮಾತು ನಂಗೆ ಕೇಳೋದೇ ಇಲ್ಲ. ನೀವಿಬ್ರೂ ಧಾರಾಳವಾಗಿ ಮಾತಾಡ್ಕೊಳ್ಳಿ!"

"ಅಪ್ಪಾ!"

ರಜಾಯಿಗಳ ನಡುವೆ ಇಬ್ಬರೂ ಮೊಣಕೈ ತಗಲುವಷ್ಟು ಹತ್ತಿರ. ಅವಳು ಕಾದಂಬರಿಯ ಮೊದಲ ಪುಟ ಓದಿದಳು. ಹೆಡ್‌ಫೋನಿನಲ್ಲಿ ಅವಳ ದನಿ ತೊಳೆದಿಟ್ಟ ಗಾಜಿನ ಲೋಟದಂತೆ ಬರುತ್ತಿತ್ತು. ಮುಗಿಸಿ, ಬಲಹುಬ್ಬು ಏರಿಸಿದಳು.

"ಚೆನ್ನಾಗಿ ಕೆಲಸ ಮಾಡ್ತಿದೆ," ಎಂದ.

"ಪೆಟ್ಟಿಗೇನಾ, ನಾನಾ?"

"ಎರಡೂ," ಎಂದವನೇ ಟೂಲ್ ಬ್ಯಾಗಿನ ಜಿಪ್ ಎಳೆದ. ಎಂಥ ಪೆದ್ದು ಉತ್ತರ ಎಂದು ಮೆಟ್ಟಿಲಿಳಿಯುವಾಗ ತನ್ನನ್ನೇ ಬೈದುಕೊಂಡ.

ಎಂಟು ದಿನಕ್ಕೆ ಅವಳ ಮೆಸೇಜ್ ಬಂತು: 'ಪಾಸಾಯ್ತು. ಥ್ಯಾಂಕ್ಸ್.' ಆಮೇಲೆ ಮೂರು ವಾರ ಸುದ್ದಿಯಿಲ್ಲ. ಗಾಜಿನ ಆಚೆ ಈಗ ಸಿಮೆಂಟ್ ಜಾಹೀರಾತು ಓದುವ ಒಬ್ಬ ಆಸಾಮಿ. ಒಂದು ದಿನ ಲಿಫ್ಟ್ ಎರಡು ಸಲ ಹತ್ತಿ ಇಳಿದರೂ ಅವನಿಗೆ ಗೊತ್ತಾಗಲಿಲ್ಲ. "ಏನಯ್ಯಾ, ಹುಷಾರಿಲ್ವಾ?" ಎಂದು ಸ್ಟುಡಿಯೊ ಮಾಲೀಕರೇ ಕೇಳಿದರು.

ಆ ಶನಿವಾರ ಮಧ್ಯಾಹ್ನ ಅವಳಿಂದ ಒಂದು ಫೈಲ್ ಬಂತು. 'ಏನೋ ಸದ್ದು ಸೇರ್ಕೊಂಡಿದೆ. ಕೇಳಿ ನೋಡ್ತೀರಾ?'

ಅವನು ನಾಲ್ಕು ಸಲ ಕೇಳಿದ. ಮೊದಲನೆಯದು ಸದ್ದು ಹುಡುಕಲು, ಉಳಿದ ಮೂರು ಸುಮ್ಮನೆ. ಯಾವ ಸದ್ದೂ ಇರಲಿಲ್ಲ. 'ಏನೂ ಇಲ್ಲ ಮೇಡಂ' ಎಂದು ಟೈಪ್ ಮಾಡಿ, ಅಳಿಸಿದ. 'ನಾಳೆ ಬಂದು ನೋಡ್ತೀನಿ' ಎಂದು ಬರೆದ.

ಭಾನುವಾರ ಹನ್ನೊಂದು ಗಂಟೆಗೆ ಕೈಯಲ್ಲೊಂದು ಹೊಸ ಕೇಬಲ್ ಹಿಡಿದುಕೊಂಡು ಹೋದ. ಕೋಣೆಯಲ್ಲಿ ಕೂತು, ಹೆಡ್‌ಫೋನ್ ತೊಟ್ಟು, ಗಂಭೀರವಾಗಿ ಎರಡು ನಿಮಿಷ ಕೇಳಿದ.

"ಎಲ್ಲಿ ಮೇಡಂ ಸದ್ದು?"

"ನೀವೇ ಕಿವಿ. ನೀವೇ ಹೇಳಿ."

"ಇಲ್ಲ. ಏನೂ ಇಲ್ಲ."

"ನಿನ್ನೇನೇ ಗೊತ್ತಾಗಿರತ್ತೆ ನಿಮಗೆ. ಮತ್ತೆ ಇಷ್ಟು ದೂರ ಬಂದಿದ್ಯಾಕೆ?"

ಅವನು ಕೇಬಲನ್ನು ಬೆರಳಿಗೆ ಸುತ್ತಿಕೊಂಡ. "ಇಲ್ಲದ ಸದ್ದು ಇದೆ ಅಂತ ನೀವು ಬರೆದಿದ್ಯಾಕೆ?"

"ನಾನು ಮೊದಲು ಕೇಳಿದ್ದು," ಎಂದಳು. ಆದರೆ ಅವನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು: "ಆವತ್ತು ಅಂಗಡೀಲಿ ಎಷ್ಟು ಖುಷಿಯಿಂದ ಹೇಳಿದ್ರಿ, ಇನ್ನು ಸ್ಟುಡಿಯೊ ಕಡೆ ತಲೆ ಹಾಕೋದೇ ಬೇಡ ಅಂತ! ಸದ್ಯ, ಪೀಡೆ ತೊಲಗಿತು ಅನ್ನೋ ಹಾಗೆ. ಆರು ವರ್ಷದಲ್ಲಿ ಒಂದೇ ಒಂದು ಸಲ ಚೆನ್ನಾಗಿತ್ತು ಅಂತ ಬಾಯಿಬಿಟ್ಟು ಹೇಳಿದೀರಾ? ಬರೀ ಹೆಬ್ಬೆರಳು."

ತಾನು ಹೇಳಿದ್ದೇನು, ಅವಳಿಗೆ ಕೇಳಿಸಿದ್ದೇನು!

"ಆ ಹಳದಿ ಪೆಟ್ಟಿಗೆ ಸಾಕು ಅಂತ ಹೇಳೋಣ ಅನ್ಕೊಂಡಿದ್ದೆ," ಎಂದ ತಲೆ ಎತ್ತದೆ. "ಅದು ಸುಯ್ ಅನ್ನತ್ತೆ ಅಂತ ಗೊತ್ತಿದ್ರೂನೂ. ಮಾದರಿ ವಾಪಸ್ ಬಂದ್ರೆ ನೀವು ಸ್ಟುಡಿಯೊಗೇ ಬರ್ತಿದ್ರಿ."

ಅವಳು ನಿಂತಲ್ಲೇ ನಿಂತಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ದನಿ ಜೊತೆ ಇನ್ನೊಂದು ಸದ್ದು ಬೆರೆಯೋದನ್ನ ನನ್ನ ಕೈಯಲ್ಲಿ ತಡ್ಕೊಳಕ್ಕಾಗಲ್ಲ." ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. "ಇನ್ನೂರ ಹನ್ನೊಂದನೇ ಕಂತು. ಮರ ಕಡಿದು ಅಳಿಲಿನ ಗೂಡು ಹೋಗತ್ತೆ. ಅಳಬೇಕು ಅಂತ ಸ್ಕ್ರಿಪ್ಟಲ್ಲಿತ್ತು. ನೀವು ಅಳಲಿಲ್ಲ, ಒಂದ್ಸಲ ಎಂಜಲು ನುಂಗಿದ್ರಿ, ಅಷ್ಟೇ. ಎಡಿಟರ್ ಅದನ್ನ ಗಲೀಜು ಸದ್ದು, ಕತ್ತರಿಸು ಅಂದ. ಜಗಳ ಮಾಡಿ ಉಳಿಸಿದೆ. ಆವತ್ತೇ ಹೇಳ್ಬೇಕಿತ್ತು. ನಿಮ್ಮಷ್ಟು ಚೆನ್ನಾಗಿ ಈ ಕೆಲಸ ಮಾಡೋರನ್ನ ನಾನು ಕಂಡಿಲ್ಲ. ನೀವಂದ್ರೆ ನಂಗೆ… ಬರೀ ದನಿ ಅಲ್ಲ. ನೀವು."

ಅವಳು ಕಣ್ಣಂಚನ್ನು ಮುಂಗೈಯಿಂದ ಒರೆಸಿಕೊಂಡಳು.

"ಆ ಕಂತು ಬಂದಾಗ ನಾನು ಟಿ.ವಿ. ಮುಂದೆ ಕಾಯ್ತಾ ಕೂತಿದ್ದೆ, ಅದನ್ನ ಖಂಡಿತ ಕತ್ತರಿಸಿರ್ತಾರೆ ಅಂತ," ಎಂದಳು. "ಉಳಿದಿತ್ತು. ಯಾರೋ ಒಬ್ಬರಿಗೆ ಅರ್ಥ ಆಗಿದೆ ಅನ್ನಿಸ್ತು. ಅದು ನೀವೇ ಇರಲಿ ಅಂತ… ಆಸೆಪಟ್ಟಿದ್ದೆ."

ಹೊರಗಿನಿಂದ ಅಪ್ಪನ ಗಂಟಲು ಕೇಳಿತು. "ಏನಮ್ಮಾ, ಸಿಕ್ತಾ ಆ ಸದ್ದು?"

"ಸಿಕ್ತಪ್ಪಾ!"

"ಹಾಗಾದ್ರೆ ಊಟ ಹಾಕು. ಹಸಿವು!"

ರಜಾಯಿ ಸರಿಸಿ ಹೊರಟವಳು ಬಾಗಿಲಲ್ಲಿ ನಿಂತಳು. ತಿರುಗದೆಯೇ, ಮೈಕಿನ ಮುಂದೆ ಎಂದೂ ಆಡದಿದ್ದ ಒಂದು ದನಿಯಲ್ಲಿ, ಯಾವ ಪಾತ್ರದ್ದೂ ಅಲ್ಲದ ದನಿಯಲ್ಲಿ ಹೇಳಿದಳು:

"ನೀನೂ ಊಟ ಮಾಡ್ಕೊಂಡು ಹೋಗು."

ನೀವು ಅಲ್ಲ, ನೀನು. ಹೋಗಿ ಅಲ್ಲ, ಹೋಗು. ಅವನು ಹೆಡ್‌ಫೋನ್ ಕೆಳಗಿಟ್ಟು ಎದ್ದು ನಿಂತ.

"ಇನ್ನೊಂದ್ಸಲ ಹೇಳು," ಎಂದ.

ಅವಳು ತಿರುಗಿದಳು. ಕೆನ್ನೆ ಕೆಂಪಾಗಿತ್ತು. ಎರಡು ಹೆಜ್ಜೆ ಹತ್ತಿರ ಬಂದು, ಮತ್ತೆ ಹೇಳಿದಳು.