ಉಲ್ಟಾ ನಲ್ಲಿ

ಬೆಳಿಗ್ಗೆ ಬಾಡಿಗೆ ಮನೆಯ ಬಾಗಿಲು ಹಾರು ಹೊಡೆದಿತ್ತು. ಪಕ್ಕದಲ್ಲೇ ಇದ್ದ ಮನೆಯೊಡತಿ ಇಣುಕಿದಳು. ಟೈಲರ್ ಹುಡುಗಿ ಹೊಲಿಗೆ ಯಂತ್ರದ ಕೆಳಗೆ ಮುದುರಿ ಕೂತಿದ್ದಳು. ಹರಿದ ಅಂಗಿಯ ಮೇಲೆ ಯಾವುದೋ ಗಿರಾಕಿಯ ಅರ್ಧ ಹೊಲಿದ ಕೋಟು. ಮೈಮೇಲೆ ಬಿದ್ದವನು ಯಾರೆಂದು ಕೇಳಿದರೆ ಒಂದೇ ಮಾತು: "ಗೊತ್ತಿಲ್ಲ."

ಬೀದಿಗೆ ಮಾತ್ರ ಆಗಲೇ ಗೊತ್ತಾಗಿತ್ತು. ಬೀಗ ಒಡೆದಿರಲಿಲ್ಲ. ಮೊನ್ನೆ ತಾನೇ ಅದನ್ನು ಕೂರಿಸಿದವನು ಮೂಲೆ ಅಂಗಡಿಯ ಬೀಗ ರಿಪೇರಿಯವನು. ಅವನ ಹತ್ತಿರ ಇನ್ನೊಂದು ಕೀಲಿ ಇರದೆ ಇರುತ್ತದೆಯೇ? ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಪಾಪದವನಿಗೆ ನಾಲ್ಕೇಟು ಬಿದ್ದು, ಠಾಣೆಗೂ ಸೇರಿಸಿಯಾಗಿತ್ತು.

"ಗೋಡೆ ಆಚೆಗೇ ಇದೀನಿ, ಒಂದು ಸದ್ದಿಲ್ಲ," ಎಂದಳು ಮನೆಯೊಡತಿ. "ಕಿರುಚಬಾರದಿತ್ತಾ ಇವಳು?"

"ಕೈಕಾಲೇ ಮರಗಟ್ಟಿದ್ರೆ ಬಾಯಿ ಹೇಗಮ್ಮ ಬರತ್ತೆ?" ಇನ್‌ಸ್ಪೆಕ್ಟರಮ್ಮ ಅವಳನ್ನು ಹೊರಗೆ ಕಳಿಸಿದಳು.

ಹುಡುಗಿಗೆ ನೀರು ಕೊಡೋಣವೆಂದು ನಲ್ಲಿಯನ್ನು ಎಡಕ್ಕೆ ತಿರುಗಿಸಿದಳು. ಹನಿಯೂ ಬರಲಿಲ್ಲ. ಕಾನ್‌ಸ್ಟೇಬಲ್ ಬಂದು ಎಡಕ್ಕೇ ಗುದ್ದಾಡಿದ.

"ಬಲಕ್ಕೆ," ಎಂದಿತು ಹೊಲಿಗೆ ಯಂತ್ರದ ಕೆಳಗಿನ ದನಿ. "ಹಾರ್ಡ್‌ವೇರ್ ಅಂಗಡಿಯವನು ಉಲ್ಟಾ ನಲ್ಲಿ ಕೊಟ್ಟುಬಿಟ್ಟ. ನಾನೇ ಹಾಕ್ಕೊಂಡೆ. ಬದಲಾಯಿಸೋಕೆ ಹೋಗ್ಲಿಲ್ಲ. ಇರೋಳು ಒಬ್ಬಳೇ ತಾನೇ."

* * *

ಸುದ್ದಿ ತಿಳಿದು ಹುಡುಗಿಯ ಅಕ್ಕ, ಭಾವ ಬಂದರು.

"ನಾನು ಈ ಮನೆ ಮೆಟ್ಟಿಲೇ ಹತ್ತಿಲ್ಲ ಮೇಡಂ," ಅಕ್ಕ ಬಿಕ್ಕಿದಳು. "ನಮ್ಮನೆ ಬಿಟ್ಟು ಬಂದ್ಲಲ್ಲಾ ಅಂತ ಸಿಟ್ಟು."

"ನೀವು?"

"ನಾನೂ ಇವತ್ತೇ ಮೊದಲು," ಎಂದ ಭಾವ. "ದಾರಿ ಕೇಳ್ಕೊಂಡು ಬಂದ್ವಿ. ಆ ಬೀಗದವನನ್ನ ಮಾತ್ರ ಬಿಡಬೇಡಿ."

ಅಕ್ಕ ಕುಸಿದು ಕೂತಳು. "ಅವರಿಗೆ ಸ್ವಲ್ಪ ನೀರು ಕೊಡಿ," ಎಂದಳು ಇನ್‌ಸ್ಪೆಕ್ಟರಮ್ಮ.

ಭಾವ ಲೋಟ ಹಿಡಿದ. ಹೆಂಡತಿಯ ಕಡೆ ನೋಡುತ್ತಲೇ ನಲ್ಲಿಯನ್ನು ಬಲಕ್ಕೆ ತಿರುಗಿಸಿದ. ನೀರು ಸುರಿಯಿತು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು.

"ನಾನೂ ಎಡಕ್ಕೆ ತಿರುಗಿಸಿದೆ, ಈ ಕಾನ್‌ಸ್ಟೇಬಲ್ಲೂ ಎಡಕ್ಕೆ," ಎಂದಳು ಇನ್‌ಸ್ಪೆಕ್ಟರಮ್ಮ. " ಮೊದಲ ಸಲ ಬಂದ ನಿಮ್ಮ ಕೈ ಸೀದಾ ಬಲಕ್ಕೆ ಹೋಯ್ತಲ್ಲ?"

"ಏನೋ... ಹಾಗೇ..."

"ಬೀಗ ಒಡೆದಿಲ್ಲ ಅಂದ್ರೆ ಕೀಲಿ ಇದ್ದವನೇ ಅಂದ್ಕೊಂಡ್ರು ಎಲ್ಲಾ. ಬಾಗಿಲು ತಟ್ಟಿದವನ ದನಿ ಪರಿಚಯ ಇದ್ರೂ ಬೀಗ ಒಡೆಯಬೇಕಿಲ್ಲ, ಒಳಗಿನವರೇ ತೆಗೀತಾರೆ. ಆಮೇಲೆ ನೀವು ಇಲ್ಲೇ ಕೈ ತೊಳೆದಿರಿ."

"ಅವಳೇ ಬಾಗಿಲು ತೆಗೆದಿದ್ದು!" ಭಾವ ಅರಚಿದ. ಅರಚಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ತೆಗೆದಿದ್ದು ಬಾಗಿಲು ಅಷ್ಟೇ. ಅದು ಒಪ್ಪಿಗೆ ಅಲ್ಲ."

"ಅಕ್ಕನಿಗೆ ಎದೆನೋವು ಅಂದ್ರು," ಎಂದಳು ಹುಡುಗಿ, ನೆಲ ನೋಡುತ್ತಾ. "ಅದಕ್ಕೇ ತೆಗೆದೆ. ಹೇಳಿದ್ರೆ ನೀನು ನಂಬಲ್ಲ ಅನ್ಕೊಂಡೆ, ಅಕ್ಕಾ."

"ನಮ್ಮನೆ ಬಿಟ್ಟಿದ್ದೂ..." ಅಕ್ಕನಿಗೆ ಮಾತು ಮುಗಿಸಲಾಗಲಿಲ್ಲ. ಹುಡುಗಿ ತಲೆಯಾಡಿಸಿದಳು.

ಕಾನ್‌ಸ್ಟೇಬಲ್ ಭಾವನನ್ನು ಕರೆದೊಯ್ದ. ಬೀಗ ರಿಪೇರಿಯವನನ್ನು ಬಿಡಿಸಲು ಇನ್‌ಸ್ಪೆಕ್ಟರಮ್ಮ ಫೋನ್ ಮಾಡಿದಳು. ಆಮೇಲೆ ಹುಡುಗಿಯ ಮುಂದೆ ನೆಲದ ಮೇಲೇ ಕೂತಳು. "ಡಾಕ್ಟರ ಹತ್ರ ಹೋಗೋಣ. ನೀನು ಹ್ಞೂಂ ಅಂದ್ರೆ ಮಾತ್ರ." ಇಷ್ಟು ಹೊತ್ತಿನಲ್ಲಿ ಹುಡುಗಿ ಮೊದಲ ಸಲ ಮುಖ ಎತ್ತಿದಳು. ಹ್ಞೂಂ ಅಂದಳು.

ನಲ್ಲಿ ಇನ್ನೂ ಸುರಿಯುತ್ತಿತ್ತು. ಅಕ್ಕ ಎದ್ದು, ನಿಲ್ಲಿಸಲೆಂದು ಬಲಕ್ಕೆ ತಿರುಗಿಸಿದಳು. ನೀರು ಇನ್ನೂ ಜೋರಾಯಿತು. ಗಾಬರಿಯಿಂದ ಮತ್ತೂ ತಿರುಗಿಸಿದಳು. ತಂಗಿಯ ಮನೆಯದು ಒಂದೂ ಗೊತ್ತಿಲ್ಲದ ಕೈ ಅದು.

"ಎಡಕ್ಕೆ, ಅಕ್ಕಾ," ಎಂದಳು ತಂಗಿ.