ಗಡ್ಡೆಯಿಂದ ಒಂದು ಹಿಡಿ ಮಣ್ಣು

“ಕಾಲು ತೊಳ್ಕಂಡು ಹರಿಗೋಲು ಹತ್ತಿ ಬುದ್ಧಿ. ಗಡ್ಡೆ ಮಣ್ಣು ಆಚೆ ದಡ ಮುಟ್ಬಾರ್ದು,” ಎಂದಳು ರಾಮಮ್ಮ.

ಮಹಾದೇವಯ್ಯ ಕೆಸರು ಮೆತ್ತಿದ ಬೂಟನ್ನು ಮುದುಕಿಯ ಮುಂದೆ ಚಾಚಿದ. “ಅಷ್ಟು ಮಡಿ ಇದ್ರೆ ನೀನೇ ತೊಳಿ.”

ಅವಳು ಬಗ್ಗಲಿಲ್ಲ.

ಬಾಳ್ಳುಪೇಟೆಯ ಮಹಾದೇವಯ್ಯ ೧೯೫೮ರಲ್ಲಿ ಪಟೇಲರ ಅಳಿಯನಾಗಿ ಗಡ್ಡೆಗೂ ಧಣಿಯಾಗಿದ್ದ. ಹೇಮಾವತಿ ಎರಡು ಸೀಳಾಗಿ ಹರಿದು ಮತ್ತೆ ಕೂಡುವ ನಡುವೆ ಮಲಗಿತ್ತು ಗಡ್ಡೆ: ಮೇಲ್ತುದಿಗೆ ಬಂಡೆ, ಕೆಳತುದಿಗೆ ಮರಳು, ನಡುವೆಲ್ಲ ಒಕ್ಕಲುಗಳ ಭತ್ತ. ಹಿಂದೆ ಅಲ್ಲಿ ಇದ್ದದ್ದು ಬರೀ ಬಂಡೆ. ಕೇರಿಯ ಹೆಂಗಸರು ಬಿಟ್ಟಿ ದುಡಿದು, ಬುಟ್ಟಿ ಬುಟ್ಟಿ ಹೊಳೆಯ ಗೋಡುಮಣ್ಣು ಹೊತ್ತು ಸುರಿದು ಗದ್ದೆ ಮಾಡಿದರು. ಗದ್ದೆಗೆ ಒಡ್ಡು ಹಾಕುವಾಗ ಹೊಳೆ ಏರಿ ಅವರು ಕೂಗಿದರೂ ಹಳೆಯ ಪಟೇಲ ಹರಿಗೋಲು ಕಳಿಸಲಿಲ್ಲ. “ಬಿರ್ರನೆ ಹೊರ್ರಿ, ಒಡ್ಡು ನಿಲ್ಬೇಕು,” ಎಂದ. ಒಡ್ಡು ನಿಂತಿತು. ಹೆಂಗಸರು ತಾವೇ ಹೊತ್ತ ಮಣ್ಣಿನಡಿ ಹೂತುಹೋದರು. ರಾಮಮ್ಮನ ಅವ್ವನೂ ಅವರಲ್ಲಿದ್ದಳು. ಅಂದಿನಿಂದ ಗಡ್ಡೆ ಬಿಡುವವರು ಕಾಲು, ಗುದ್ದಲಿ, ಎತ್ತಿನ ಗೊರಸು ತೊಳೆದೇ ಹೊಳೆ ದಾಟುತ್ತಾರೆ. ಆ ಮಣ್ಣು ಅವರ ಮೈ.

“ನಾಳೆಯಿಂದ ಈ ಮೇಲ್ಮಣ್ಣೆಲ್ಲ ಕೆತ್ತಿ ಬೆಳಗೋಡಿನ ತೋಟಕ್ಕೆ ಸಾಗ್ಸಿ. ನನ್ನ ಕಾಫಿ ಸಸಿಗೆ ಬೇಕು,” ಎಂದ ಮಹಾದೇವಯ್ಯ.

“ಮಣ್ಣು ತಗದ್ರೆ ನಾವು ಬಂಡೆ ತಿನ್ನಾದಾ?”

“ತಿನ್ರಿ. ಗಟ್ಟಿ ಐತೆ, ವರ್ಷವೆಲ್ಲ ಬರ್ತದೆ.”

ಮಾದರಿಗೆಂದು ಒಂದು ಹಿಡಿ ಮಣ್ಣು ಕೋಟಿನ ಜೇಬಿಗೆ ತುರುಕಿಕೊಂಡು ಹರಿಗೋಲು ಹತ್ತಿದ.

“ಚೆಲ್ಬುಡಿ ಸ್ವಾಮಿ,” ಅಂದ ಅಂಬಿಗ ಮಕ್ಸೂದ್. “ನಮ್ಮಪ್ಪನೂ ತೊಳ್ಸೇ ಹತ್ತಿಸ್ತಿದ್ದ.”

“ನೀನು ಹುಟ್ಟು ಹಾಕು ಮಾರಾಯ.”

ನಡುಹೊಳೆಯಲ್ಲಿ ಮಂಜು ಇಳಿಯಿತು. ಹಾಡಹಗಲೇ ಎರಡೂ ದಡ ಕಾಣದಾದವು. ಕೊಳೆತ ಬೇರಿನ, ಒದ್ದೆ ಕೂದಲಿನ ನಾತ. ಎಲ್ಲೋ ಬುಟ್ಟಿ ಮಗುಚಿದ ಸದ್ದು.

ಧಪ್.

“ಭಾರ ಆಯ್ತಾ ಐತೆ,” ಮಕ್ಸೂದ್ ಹುಟ್ಟು ನಿಲ್ಲಿಸಿದ. “ಯಾರೋ ಹತ್ತವ್ರೆ.”

ಧಪ್. ಧಪ್.

ಜೇಬು ಜಗ್ಗಿತು. ಮಹಾದೇವಯ್ಯ ಕೈ ಹಾಕಿ ಮಣ್ಣು ತೆಗೆದು ಎಸೆದ. ಜೇಬು ತುಂಬಿತು. ಮತ್ತೆ ಎಸೆದ. ಮತ್ತೆ ತುಂಬಿತು. ಕೋಟು ಕಿತ್ತು ಹೊಳೆಗೆ ಬಿಸಾಡಿದ. ಬೂಟಿನೊಳಗೆ ಮಣ್ಣು ತಣ್ಣಗೆ ಏರಿತು. ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ತಲೆಯ ಮೇಲೆ ಬುಟ್ಟಿಗಳ ಸಾಲು. ಬುಟ್ಟಿ ಹಿಡಿದ ಕಪ್ಪು ಕೈಗಳು. ಮುಖವಿಲ್ಲ. ಸುರಿದವು. ಅರಚಲು ಬಾಯಿ ತೆರೆದ. ಬಾಯಿಗೂ ಸುರಿದವು.

ಹರಿಗೋಲು ಗರ್ರನೆ ಒಂದು ಸುತ್ತು ತಿರುಗಿ ಹಗುರಾಯಿತು. ಅದರಲ್ಲಿ ಉಳಿದವನು ಮಕ್ಸೂದ್ ಒಬ್ಬನೇ.

ಹೆಣ ಸಿಗಲಿಲ್ಲ. ಪಟೇಲರ ಮನೆಯವರು ಮತ್ತೆ ಮಣ್ಣಿನ ಮಾತೆತ್ತಲಿಲ್ಲ. ಒಕ್ಕಲುಗಳು ಎಂದಿನಂತೆ ಸಸಿ ನೆಟ್ಟರು.

ಆ ಮಳೆಗಾಲ ಗಡ್ಡೆಯ ಕೆಳತುದಿಯಲ್ಲಿ ಹೊಸ ಮಣ್ಣು ಏರತೊಡಗಿತು. ಮಂಜು ಮುಸುಕಿದ ಹಗಲುಗಳಲ್ಲಿ ಅಲ್ಲಿ ಈಗಲೂ ಬುಟ್ಟಿ ಮಗುಚುವ ಸದ್ದು. ಒಂದೇ ಬುಟ್ಟಿ. ಜೊತೆಗೆ ಕೆಸರಿನಲ್ಲಿ ಕಿತ್ತು ಕಿತ್ತು ಇಡುವ ಬೂಟಿನ ಸಪ್ಪಳ, ಬಾಯಲ್ಲಿ ಮಣ್ಣು ತುಂಬಿದವನ ಏದುಸಿರು.

ಬದುಕಿದ್ದಷ್ಟು ದಿನ ರಾಮಮ್ಮ ಬದುವಿನ ಮೇಲೆ ಕೂತು ಎಲೆ ಅಡಿಕೆ ಉಗಿದು ಆ ಕಡೆ ಮುಖ ಮಾಡುತ್ತಿದ್ದಳು.

“ಬಿರ್ರನೆ ಹೊರು ಬುದ್ಧಿ. ಒಡ್ಡು ನಿಲ್ಬೇಕು.”