ಹಾಲದ ಮರದ ಪಕ್ಕದ ಹೊಲ

"ಟೀಚರಮ್ಮಾ, ಸತ್ತೋದ ನಮ್ಮೆಜಮಾನ್ರು ನನ್ನೊಲಾನ ಬಿಟ್ಕೊಟ್ಟವ್ರಂತೆ!"

ಜಗುಲಿ ಹತ್ತುವ ಮೊದಲೇ ಪಿಳ್ಳಮ್ಮ ಗೋಳಾಡಿದಳು. ಬೇತಮಂಗಲದಿಂದ ಮೊದಲ ಬಸ್ಸಿಗೇ ಬಂದಿದ್ದಳು. ದಿಕ್ಕು ತೋಚದವರೆಲ್ಲ ಬಂಗಾರಪೇಟೆಯಲ್ಲಿ ಕೊನೆಗೆ ಬರುತ್ತಿದ್ದುದು ಇಲ್ಲಿಗೇ, ಶಾಲೆಯಿಂದ ನಿವೃತ್ತರಾದ ಅಶ್ವತ್ಥಮ್ಮನವರ ಮನೆಗೆ. ಅದೇ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಂಟೆ ಹೊಡೆದ ಮುನಿನಾರಾಯಣಪ್ಪನಿಗೆ ಅವರೆಂದರೆ ಸಾಕ್ಷಾತ್ ಸರಸ್ವತಿ. ಎಂಥೆಂಥ ಕಳ್ಳತನವನ್ನು ಅವರು ಕೂತಲ್ಲೇ ಬಿಡಿಸಿದ್ದನ್ನು ಕಣ್ಣಾರೆ ಕಂಡವನು ಅವನು.

ಸಂಗತಿ ಇಷ್ಟೇ. ಪಿಳ್ಳಮ್ಮನ ಗಂಡ ಆಂಜನಪ್ಪ ನಂದಿದುರ್ಗ ಗಣಿಯಲ್ಲಿ ದುಡಿಯುತ್ತಲೇ ಎರಡೆಕರೆ ಸರ್ಕಾರಿ ಬೀಳು ಹಸನು ಮಾಡಿ ರಾಗಿ ಬೆಳೆದಿದ್ದ. ಇಪ್ಪತ್ತು ವರ್ಷದ ಅನುಭೋಗ, ಆದರೆ ಕಾಗದವಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ, ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಕೋರಮಂಡಲ್‌ನ ರಾಮಚಂದ್ರಪ್ಪ ಇಟ್ಟಿಗೆ ಗೂಡಿಗೆಂದು ಅದೇ ನೆಲವನ್ನು ಗುತ್ತಿಗೆಗೆ ಪಡೆದು ರಿಜಿಸ್ಟರ್ ಮಾಡಿಸಿಕೊಂಡಿದ್ದ. ಪಿಳ್ಳಮ್ಮ ತಕರಾರು ಹಾಕಿದ ವಾರಕ್ಕೇ ರಾಮಚಂದ್ರಪ್ಪನಿಗೆ ಅಂಚೆಯಲ್ಲಿ, ಕಳಿಸಿದವರ ಹೆಸರಿಲ್ಲದೆ, ಆಂಜನಪ್ಪನ ರುಜುವಿನ ಹಳೆಯ ಪತ್ರವೊಂದು ಬಂತು. ನಾಳೆ ತಾಲ್ಲೂಕಿನ ಅಮಲ್ದಾರರು ಸ್ಥಳಕ್ಕೆ ಬರುವವರಿದ್ದರು. ಪತ್ರ ನಿಜವೆಂದರೆ ಪಿಳ್ಳಮ್ಮ ಗುಡಿಸಲು ಕೀಳಬೇಕು.

ಕಚೇರಿಯವರು ಪತ್ರವನ್ನು ಇದ್ದಂತೆಯೇ ಇಳಿಸಿಕೊಟ್ಟಿದ್ದ ನಕಲನ್ನು ಅವಳು ತಂದಿದ್ದಳು, ಅಶ್ವತ್ಥಮ್ಮ ಅದನ್ನು ಗಟ್ಟಿಯಾಗಿ ಓದಿದರು. "'ಹಾಲದ ಮರದ ಪಕ್ಕದ ಹೊಲವನ್ನು ಹಿಷ್ಟಪಟ್ಟು ಬಿಟ್ಟಿದ್ದೇನೆ.' ಪಿಳ್ಳಮ್ಮ, ಆಂಜನಪ್ಪ ಬರೆದದ್ದು ಬೇರೇನಾದರೂ ಇದೆಯಾ?"

ಗಂಡ ಗಣಿ ಆಸ್ಪತ್ರೆಯಿಂದ ಬರೆದಿದ್ದ ಕಾರ್ಡೊಂದನ್ನು ಪಿಳ್ಳಮ್ಮ ಸೆರಗಿನ ಗಂಟಿನಿಂದ ತೆಗೆದಳು. ಅದರಲ್ಲಿ 'ಒಲಕ್ಕೆ ನೀರು ಆಯಿಸು, ಉಷಾರು' ಎಂದಷ್ಟೇ ಇತ್ತು. ಅಶ್ವತ್ಥಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿದರು.

"ಇವ್ಳ ಮೈದುನ ದೊಡ್ಡವೆಂಕಟಪ್ಪಂದೇ ಕೆಲ್ಸ ಕಣಮ್ಮ," ಎಂದ ಜಗುಲಿಯಲ್ಲೇ ಕೂತಿದ್ದ ಮುನಿನಾರಾಯಣಪ್ಪ. "ಒಲದಾಗೆ ಪಾಲು ಕೊಡ್ಲಿಲ್ಲಾಂತ ಉರ್ಕೊಂಡವ್ನೆ."

ಮಧ್ಯಾಹ್ನ ಅಶ್ವತ್ಥಮ್ಮ, ಮುನಿನಾರಾಯಣಪ್ಪ ಇಬ್ಬರೂ ಅಮಲ್ದಾರರ ಕಚೇರಿ ಎದುರು ಅರ್ಜಿ ಬರೆಯುವ ಸುಬ್ಬರಾಯಪ್ಪನ ಬಳಿಗೆ ಹೋದರು. ರಾಮಚಂದ್ರಪ್ಪನ ಗುತ್ತಿಗೆ ಅರ್ಜಿ, ಹಿಂದೆ ಆಂಜನಪ್ಪ ರುಜು ಹಾಕಿದ್ದ ಅರ್ಜಿ, ಎರಡನ್ನೂ ಬರೆದವನು ಅವನೇ. ಅವನು ಎದ್ದು ನಿಂತು ಕೈಮುಗಿದ.

"ನಿಮ್ಮ ಶಿಷ್ಯ ನಾನು! ಹೆಲೆ ಅಡಿಕೆ ಹಾಕ್ಕೊಳ್ಳಿ ಟೀಚರಮ್ಮ. ಪಾಪ, ಆ ಹೆಂಗಸಿಗೆ ಹೀಗಾಗಬಾರದಿತ್ತು."

ಆಹಾ, ಎಂಥ ನಾಜೂಕು ಮಾತು ಎಂದುಕೊಂಡ ಮುನಿನಾರಾಯಣಪ್ಪ. ಅಶ್ವತ್ಥಮ್ಮ ಎಲೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹೊಲದಂಚಿನ ಆಲದ ಮರದಡಿ ರಾಮಚಂದ್ರಪ್ಪ, ದೊಡ್ಡವೆಂಕಟಪ್ಪ, ಸುಬ್ಬರಾಯಪ್ಪ ಸೇರಿದಂತೆ ಎಲ್ಲರೂ ಕೂಡಿದರು. ಅಶ್ವತ್ಥಮ್ಮ ಚೀಲದಿಂದ ಮೂರು ಸ್ಲೇಟು ತೆಗೆದಾಗ ಅಮಲ್ದಾರರು ಕಕ್ಕಾಬಿಕ್ಕಿಯಾದರು.

"ಸ್ವಾಮಿ, ಒಂದು ಸಾಲು ಉಕ್ತಲೇಖನ ಕೊಡ್ತೀನಿ. ಈ ಮೂವರೂ ಬರೀಲಿ. 'ಆಲದ ಮರದ ಎಲೆ ಹಳ್ಳಕ್ಕೆ ಉದುರಿತು.'"

ರಾಮಚಂದ್ರಪ್ಪ ತಪ್ಪಿಲ್ಲದೆ ಬರೆದ. ದೊಡ್ಡವೆಂಕಟಪ್ಪ ಬೆವರೊರೆಸಿಕೊಳ್ಳುತ್ತ 'ಅಳ್ಳಕ್ಕೆ' ಎಂದು ಬರೆದ. ಸುಬ್ಬರಾಯಪ್ಪನ ಸ್ಲೇಟಿನಲ್ಲಿ ಮುತ್ತಿನಂಥ ಅಕ್ಷರಗಳಿದ್ದವು: 'ಹಾಲದ ಮರದ ಹೆಲೆ ಹಳ್ಳಕ್ಕೆ ಹುದುರಿತು.'

ಮುನಿನಾರಾಯಣಪ್ಪ ಬಗ್ಗಿ ಸ್ಲೇಟು ನೋಡಿದ. ಅಬ್ಬಬ್ಬಾ! ಒಂದೇ ಒಂದು ಅಕ್ಷರ!

"ಹೆಚ್ಚು ಓದದೆ ಹೊಲಕ್ಕೆ ಒಲ ಅನ್ನೋನು ಹಾಗೇ ಬರೀತಾನೆ," ಅಶ್ವತ್ಥಮ್ಮ ಹೇಳಿದರು. "ಆಂಜನಪ್ಪನ ಕಾರ್ಡಲ್ಲಿ ಒಂದೇ ಒಂದು ಹಕಾರ ಇಲ್ಲ. ದೊಡ್ಡವೆಂಕಟಪ್ಪನೂ ಅಣ್ಣನ ಹಾಗೇ ಬಿಡ್ತಾನೆ, ಸೇರಿಸೋದಿಲ್ಲ. ರಾಮಚಂದ್ರಪ್ಪನಿಗೆ ತಪ್ಪೇ ಬರೋದಿಲ್ಲ. ಆದರೆ ಈ ಪತ್ರದಲ್ಲಿ ಬೇಕಾದ ಕಡೆಯೂ ಹ ಇದೆ, ಬೇಡದ ಕಡೆಯೂ ಇದೆ. ಎಲ್ಲಿ ಬಿಟ್ಟುಬಿಡ್ತೀನೋ ಅಂತ ಹೆದರಿ ಎಲ್ಲದಕ್ಕೂ ಅಂಟಿಸೋನ ಕೈ ಇದು. ನಿನ್ನೆ ನನಗೆ ಹೆಲೆ ಅಡಿಕೆ ಕೊಟ್ಟ ಕೈ. ಸ್ವಾಮಿ, ಇವನೇ ಬರೆದ ಗುತ್ತಿಗೆ ಅರ್ಜಿ ನಿಮ್ಮ ಫೈಲಿನಲ್ಲಿರಬೇಕು, ಚೆಕ್ಕುಬಂದಿಯಲ್ಲಿ ಜಾಗದ ಎಲ್ಲೆ ಏನು ಬರೆದಿದ್ದಾನೆ ನೋಡಿ."

ಅಮಲ್ದಾರರು ಹಾಳೆ ತಿರುವಿದರು. 'ಪೂರ್ವಕ್ಕೆ ಹಾಲದ ಮರ, ಉಳಿದದ್ದು ಖಾಲಿ ಜಾಗ' ಎಂದಿತ್ತು.

"ಖಾಲಿ ಅಂತ ಸುಳ್ಳು ಬರೆದಿದ್ದ. ಪಿಳ್ಳಮ್ಮ ತಕರಾರು ಹಾಕಿದಳು. ಅರ್ಜಿ ಬರೆಯೋ ಲೈಸೆನ್ಸು ಹೋಗುತ್ತೆ ಅಂತ ಹೆದರಿ ಸತ್ತವನ ಹೆಸರಲ್ಲಿ ಪತ್ರ ಹುಟ್ಟಿಸಿದ. ಆಂಜನಪ್ಪನ ರುಜು ಹೇಗಿರುತ್ತೆ ಅಂತ ಇವನಿಗೆ ಗೊತ್ತಿತ್ತಲ್ಲ."

ಸುಬ್ಬರಾಯಪ್ಪ ಸ್ಲೇಟು ಕೆಳಗಿಟ್ಟ. "ತಪ್ಪಾಯ್ತು ಟೀಚರಮ್ಮ. ಮೂರನೇ ಕ್ಲಾಸಲ್ಲಿ ಹ ಬಿಟ್ಟಿದ್ದಕ್ಕೆ ನೀವೇ..."

"ಹೊಡೆದಿದ್ದೆ," ಎಂದರು ಅಶ್ವತ್ಥಮ್ಮ. "ಅಕ್ಷರಕ್ಕೆ ಎರಡು ಏಟು. ಅದು ನನ್ನ ತಪ್ಪು. ಇದು ನಿನ್ನದು."

"ನಂಗೆ ಖಾಲಿ ಜಾಗ ಅಂತಾನೇ ಏಳಿದ್ರು ಸ್ವಾಮಿ," ಎಂದ ರಾಮಚಂದ್ರಪ್ಪ ನಾಚಿಕೆಯಿಂದ. "ಗೂಡು ಬೇರೆ ಕಡೆ ಆಕ್ಕೊಂತೀನಿ."

ಅಮಲ್ದಾರರು ಗುತ್ತಿಗೆಯ ಮೇಲೆ ಷರಾ ಬರೆದರು: ಈ ಎರಡೆಕರೆ ಬಿಟ್ಟು. ಪಿಳ್ಳಮ್ಮನಿಗೆ ಅದನ್ನು ಓದಲು ಬಾರದು. ಅವಳು ಎಲ್ಲರ ಮುಖವನ್ನೂ ನೋಡಿ, ಕೊನೆಗೆ ಟೀಚರಮ್ಮನ ಕೈ ಹಿಡಿದಳು.

"ನನ್ನೊಲ ನಂಗೇ ಉಳೀತಾ ತಾಯಿ?"

ಮೂವತ್ತು ವರ್ಷ ಯಾರ ಬಾಯಲ್ಲೂ ಒಂದು ಹಕಾರ ಜಾರಲು ಬಿಡದಿದ್ದ ಅಶ್ವತ್ಥಮ್ಮ ಅವಳ ಕೈ ಒತ್ತಿದರು.

"ಉಳೀತು ಪಿಳ್ಳಮ್ಮ. ನಿನ್ನೊಲ ಉಳೀತು."

ಮುನಿನಾರಾಯಣಪ್ಪ ಬೆರಗಾಗಿ ನಿಂತುಬಿಟ್ಟ. ಅವರ ಬಾಯಲ್ಲಿ 'ಒಲ' ಎಂಬ ಮಾತು ಅವನು ಕೇಳಿದ್ದು ಅದೇ ಮೊದಲು.